ಕೆಂಪು ದೀಪ ಆರುವ ತನಕ

ರ‍್ಯಾಂಪ್ ಕೆಲಸಕ್ಕೆ, ಅಂದರೆ ವಿಮಾನ ನಿಲ್ದಾಣದಲ್ಲಿ ಬಂದು ನಿಂತ ವಿಮಾನದ ಸುತ್ತಲಿನ ಕೆಲಸಕ್ಕೆ, ಸೇರಿ ಮೂರನೇ ವಾರ. ರಾತ್ರಿ ಪಾಳಿ, ಜೋರು ಮಳೆ. ವಿಮಾನ 40 ನಿಮಿಷ ತಡವಾಗಿ ಬಂದಿತ್ತು. ರೆಕ್ಕೆಯ ತುದಿಗೆ, ಎಂಜಿನ್ ಮುಂದೆ ಎಚ್ಚರಿಕೆಯ ಕೋನ್ ಇಡುವುದು ನನ್ನ ಕೆಲಸ. ನನ್ನ ಕಡೆಯ ಎಂಜಿನ್ ನಿಂತಿದ್ದು ಕಾಣಿಸಿತು. ಕೋನ್ ಇಟ್ಟೆ. ಇನ್ನೊಂದು ಕೋನ್ ಹಿಡಿದು ಹೊಟ್ಟೆಯ ಕೆಳಗಿಂದ ಆ ಕಡೆಗೆ ಹೊರಟೆ.

ಹಿಂದಿನಿಂದ ಯಾರೋ ಜಾಕೆಟ್ ಹಿಡಿದು ಎಳೆದರು. ನಮ್ಮ ಹಿರಿಯರು. ಏನೂ ಬೈಯಲಿಲ್ಲ, ವಿಮಾನದ ಹೊಟ್ಟೆಯ ಕಡೆ ಬೆರಳು ತೋರಿಸಿದರು. ಬೀಕನ್, ಅಂದರೆ ಎಂಜಿನ್ ಓಡುವಾಗ ಉರಿಯುವ ಕೆಂಪು ದೀಪ, ಇನ್ನೂ ಮಿನುಗುತ್ತಿತ್ತು. ಆ ಕಡೆಯ ಎಂಜಿನ್ ಓಡುತ್ತಿತ್ತು.

ಒದ್ದೆ ಕಾಂಕ್ರೀಟಿನ ಮೇಲೆ ಆ ಕೆಂಪು ಬೆಳಕು ನನ್ನ ಕಣ್ಣಿಗೂ ಬಿದ್ದಿತ್ತು. ತಲೆಗೆ ಹೋಗಿರಲಿಲ್ಲ. ಸದ್ದು ಕೇಳಿಸಲಿಲ್ವಾ ಅಂತ ಕೇಳಬಹುದು. ಇಯರ್ ಮಫ್ ಹಾಕಿದ ಮೇಲೆ ಯಾವ ಸದ್ದು ಯಾವ ವಿಮಾನದ್ದು ಅಂತ ಗೊತ್ತಾಗುವುದಿಲ್ಲ. ಪಕ್ಕದ ಸ್ಟ್ಯಾಂಡಿನಲ್ಲೂ ಒಂದು ಹೊರಡಲು ಸಿದ್ಧವಾಗಿತ್ತು.

ಎಂಜಿನ್ ಯಾಕೆ ಓಡುತ್ತಿತ್ತು? ವಿಮಾನದ ಬಾಲದಲ್ಲಿ ಎಪಿಯು ಅಂತ ಒಂದು ಸಣ್ಣ ಎಂಜಿನ್ ಇರುತ್ತದೆ. ನೆಲದ ಮೇಲೆ ನಿಂತಾಗ ಕರೆಂಟ್ ಕೊಡುವುದು ಅದು. ಅದು ಕೆಟ್ಟಿದ್ದರೆ, ಹೊರಗಿನಿಂದ ಕರೆಂಟ್ ಜೋಡಿಸುವ ತನಕ ಪೈಲಟ್ ಒಂದು ದೊಡ್ಡ ಎಂಜಿನ್ ಓಡಿಸಿಕೊಂಡೇ ಇರುತ್ತಾರೆ. ಅಪರೂಪಕ್ಕೆ ಹೀಗಾಗುತ್ತದೆ. ದಿನಾ ಎರಡೂ ಎಂಜಿನ್ ನಿಲ್ಲುವುದನ್ನು ನೋಡಿದ ಕಾಲು ತಾನಾಗಿ ಮುಂದೆ ಹೋಗುತ್ತದೆ.

ನಾನು ಆಲೆಮನೆ ಪಕ್ಕದಲ್ಲಿ ಬೆಳೆದವನು. ಗಾಣದ ಹತ್ತಿರ ಕೈ ತರಬೇಡ ಅಂತ ಚಿಕ್ಕಂದಿನಿಂದ ಹೇಳಿಸಿಕೊಂಡಿದ್ದೇನೆ. ಆದರೆ ಗಾಣ, ಮುಟ್ಟಿದರೆ ಮಾತ್ರ ಎಳೆಯುತ್ತದೆ. ಜೆಟ್ ಎಂಜಿನ್ ದೂರದಿಂದಲೇ ಎಳೆಯುತ್ತದೆ. ಬೋಯಿಂಗ್ 737ರ ಎಂಜಿನ್ ಐಡಲ್‌ನಲ್ಲಿ (ಅತಿ ಕಡಿಮೆ ವೇಗದಲ್ಲಿ) ತಿರುಗುತ್ತಿದ್ದರೂ ಮುಂದೆ ಸುಮಾರು 3 ಮೀಟರ್ ಅಪಾಯದ ಜಾಗ. ಹಿಂದೆ ಸುಮಾರು 30 ಮೀಟರ್ ತನಕ ಬಿಸಿಗಾಳಿ ನೂಕುತ್ತದೆ. ಆ ಗಾಳಿ ಕಣ್ಣಿಗೆ ಕಾಣುವುದಿಲ್ಲ. ರೆಕ್ಕೆಯ ಕೆಳಗಿರುವ ನಾವೂ ಪೈಲಟ್ ಕಣ್ಣಿಗೆ ಕಾಣುವುದಿಲ್ಲ.

2022ರ ಡಿಸೆಂಬರ್ 31ರಂದು ಅಮೆರಿಕದ ಅಲಬಾಮಾ ರಾಜ್ಯದ ಮಾಂಟ್ಗೊಮೆರಿಯಲ್ಲಿ ಆಗಿದ್ದೂ ಇದೇ. ಎಂಬ್ರಾಯರ್ 175 ವಿಮಾನ. ಎಪಿಯು ಕೆಟ್ಟಿತ್ತು, ಒಂದು ಎಂಜಿನ್ ಓಡುತ್ತಿತ್ತು, ಬೀಕನ್ ಉರಿಯುತ್ತಿತ್ತು. ವಿಮಾನ ಬರುವ ಮುಂಚೆ ಸಿಬ್ಬಂದಿಯನ್ನು ಸೇರಿಸಿ ಎಚ್ಚರಿಕೆಯನ್ನೂ ಹೇಳಿದ್ದರು. ಆದರೂ ಕೆಲಸದಲ್ಲಿದ್ದ ಒಬ್ಬ ಹೆಣ್ಣುಮಗಳು ಎಂಜಿನ್‌ಗೆ ಸಿಕ್ಕಿ ತೀರಿಕೊಂಡರು. ತನಿಖೆಯ ವರದಿ ಓದಿದ ದಿನ ನನಗೆ ಊಟ ಸೇರಲಿಲ್ಲ. ಅವರಿಗೂ ನಿಯಮ ಗೊತ್ತಿತ್ತು, ನನಗೂ ಗೊತ್ತಿತ್ತು. ನನ್ನ ಹಿಂದೆ ಜಾಕೆಟ್ ಹಿಡಿಯುವವರೊಬ್ಬರು ಇದ್ದರು.

ಮಿಕ್ಕ ನಿಯಮಗಳೂ ಬೇಕು: ಹೊಳೆಯುವ ಜಾಕೆಟ್, ಗಾಡಿಯ ವೇಗದ ಮಿತಿ, ನೆಲದಲ್ಲಿ ಬಿದ್ದ ಬೋಲ್ಟ್ ಎತ್ತಿಡುವುದು. ಆದರೆ ಹೊಸ ಹುಡುಗರಿಗೆ ಮೊದಲ ವಾರ ನಾನು ಹೇಳಿಕೊಡುವುದು ಬೀಕನ್ ಒಂದನ್ನೇ. ಹೊಟ್ಟೆಯ ಕೆಳಗೊಂದು, ಬೆನ್ನ ಮೇಲೊಂದು. ಫ್ಯಾನ್ ನಿಂತಂತೆ ಕಂಡರೂ, ಮೇಲಿನವರು ಕೈಗಡಿಯಾರ ತೋರಿಸಿದರೂ, ಅದು ಆರುವ ತನಕ ವಿಮಾನದ ಸುತ್ತಲಿನ ಗೆರೆ ದಾಟುವಂತಿಲ್ಲ. ಆರಿದ್ದನ್ನು ನೋಡಿದವರು ಬಾಯಿಬಿಟ್ಟು ‘ಆಫ್’ ಅನ್ನಬೇಕು. ಮೊನ್ನೆ ಒಬ್ಬ ಹುಡುಗ ನನಗಿಂತ ಮುಂಚೆ ಕೈ ಅಡ್ಡ ಹಿಡಿದು ನನ್ನನ್ನೇ ನಿಲ್ಲಿಸಿದ. ದೀಪ ಇನ್ನೂ ಉರಿಯುತ್ತಿತ್ತು.