ಯಾವ ಸಾಫ್ಟ್‌ವೇರ್ ಕಲಿತರೆ ಅನಿಮೇಷನ್ ಕೆಲಸ ಸಿಗುತ್ತದೆ?

ನಾನು ಅನಿಮೇಟರ್ ಎಂದು ಗೊತ್ತಾದ ಕೂಡಲೇ ತಂದೆತಾಯಂದಿರು ಕೇಳುವ ಪ್ರಶ್ನೆ ಇದು. ಮಗನಿಗೋ ಮಗಳಿಗೋ ಚಿತ್ರ ಬಿಡಿಸುವ ಹುಚ್ಚು, ಹತ್ತನೇ ತರಗತಿ ಮುಗಿಯುತ್ತಾ ಬಂದಿದೆ, ಪೇಟೆಯ ಯಾವುದೋ ತರಬೇತಿ ಕೇಂದ್ರ ಒಂದೂವರೆ ಲಕ್ಷ ಶುಲ್ಕ ಹೇಳಿದೆ. ‘ಯಾವ ಸಾಫ್ಟ್‌ವೇರ್ ಕಲಿಸಿದರೆ ಒಳ್ಳೆಯದು?’ ಕಳೆದ ತಿಂಗಳು ಶಿವಮೊಗ್ಗದಿಂದ ಫೋನ್ ಮಾಡಿದ ಸಂಬಂಧಿಕರೊಬ್ಬರು ಮಗಳಿಗಾಗಿ ಕೇಳಿದ್ದೂ ಇದನ್ನೇ. ಬರೆದುಕೊಳ್ಳಲು ಪೆನ್ನು ಹಿಡಿದೇ ಕುಳಿತಿದ್ದರು. ನಾನು ಕೇಳಿದೆ: ‘ನಿಮ್ಮ ಮನೆಯಲ್ಲಿ ವಯಸ್ಸಾದವರು ಯಾರಿದ್ದಾರೆ?’

ಅದಕ್ಕೆ ಕಾರಣವಿದೆ. ಕೆಲಸಕ್ಕೆ ಸೇರಿದ ಎರಡನೇ ವರ್ಷ ನನ್ನ ಪಾಲಿಗೆ ಒಂದು ಮುದಿ ಕರಡಿ ಬಂದಿತ್ತು. ನೆಲದ ಮೇಲೆ ಕುಳಿತ ಕರಡಿ ಎದ್ದು ನಿಲ್ಲಬೇಕು, ಅಷ್ಟೇ. 4 ಸೆಕೆಂಡಿನ ಶಾಟ್. ಸೆಕೆಂಡಿಗೆ 24 ಫ್ರೇಮಿನಂತೆ, ಅಂದರೆ 24 ಬಿಡಿ ಚಿತ್ರಗಳಂತೆ, 96 ಫ್ರೇಮು. ಮೂರು ಸಲ ಮಾಡಿ ತೋರಿಸಿದೆ. ಮೂರು ಸಲವೂ ‘ತೂಕವಿಲ್ಲ’ ಎಂಬ ಒಂದೇ ಟಿಪ್ಪಣಿ ಹೊತ್ತು ಹಿಂದಿರುಗಿತು. ಮಾಯಾ ಸಾಫ್ಟ್‌ವೇರಿನ ಒಂದೊಂದು ಗುಂಡಿಯೂ ನನಗೆ ಬಾಯಿಪಾಠವಾಗಿತ್ತು. ತೂಕ ಮಾತ್ರ ಅದರ ಯಾವ ಮೆನುವಿನಲ್ಲೂ ಇರಲಿಲ್ಲ.

ಆ ದೀಪಾವಳಿಗೆ ಸಾಗರದ ಬಳಿಯ ನಮ್ಮ ಊರಿಗೆ ಹೋಗಿದ್ದೆ. ಊಟ ಮುಗಿಸಿ ಅಜ್ಜಿ ಮಣೆಯಿಂದ ಏಳುತ್ತಿದ್ದಳು. ಹುಟ್ಟಿದಾಗಿನಿಂದ ಕಂಡ ದೃಶ್ಯ, ಆದರೆ ಅಂದು ಮೊದಲ ಸಲ ನೋಡಿದೆ. ಮೊದಲು ಎಲೆಯನ್ನು ಬದಿಗೆ ಸರಿಸಿದಳು. ಬಲ ಅಂಗೈಯನ್ನು ನೆಲಕ್ಕೆ ಊರಿದಳು. ಒಂದು ಸಲ ಮುಂದಕ್ಕೆ ತೂಗಿ, ಆಗದೆ, ಹಾಗೆಯೇ ಹಿಂದಕ್ಕೆ ಕುಳಿತಳು. ಎರಡನೇ ಸಲ ತೂಗಿದಾಗ ತಲೆ ಮಂಡಿಗಿಂತ ಮುಂದೆ ಹೋಗಿತ್ತು, ಸೊಂಟ ಮಾತ್ರ ಇನ್ನೂ ಮಣೆಯನ್ನು ಬಿಟ್ಟಿರಲಿಲ್ಲ. ಆಮೇಲೆ ಎಲ್ಲವೂ ಒಟ್ಟಿಗೆ ಎದ್ದಿತು. ಎದ್ದ ಮೇಲೂ ಎಡಗೈ ತೊಡೆಯನ್ನು ಬಿಡಲಿಲ್ಲ. ಮಂಡಿ ಒಪ್ಪುವ ತನಕ ಹಾಗೆಯೇ ನಿಂತು, ನಂತರ ಸೆರಗು ಸರಿಮಾಡಿಕೊಂಡು ನಡೆದಳು.

ನನ್ನ ಕರಡಿ ಒಂದೇ ಉಸಿರಿಗೆ ಎದ್ದುಬಿಡುತ್ತಿತ್ತು. ಬೆಂಗಳೂರಿಗೆ ಬಂದು ಅದಕ್ಕೆ ಅಜ್ಜಿಯ ಆ ಸೋತ ಪ್ರಯತ್ನವನ್ನು ಕೊಟ್ಟೆ. ಎದ್ದ ಮೇಲೆ 14 ಫ್ರೇಮು ಸುಮ್ಮನೆ ನಿಲ್ಲಿಸಿದೆ. ಅಂದೇ ಒಪ್ಪಿಗೆ ಸಿಕ್ಕಿತು.

‘ಈಗ ಎಲ್ಲ ಕಂಪ್ಯೂಟರೇ ಮಾಡುತ್ತದಲ್ಲ’ ಎನ್ನುವವರಿಗೂ ಇದೇ ಕಥೆ ಹೇಳುತ್ತೇನೆ. ಮುಖ್ಯ ಭಂಗಿಗಳನ್ನು ನಾವು ಇಡುತ್ತೇವೆ, ನಡುವಿನದನ್ನು ಯಂತ್ರ ತುಂಬುತ್ತದೆ ನಿಜ. ಆದರೆ ಅದು ಲೆಕ್ಕ ಹಾಕಿ ನಯವಾಗಿ ತುಂಬುತ್ತದೆ. ಜೀವವಿರುವ ಯಾವುದೂ ಹಾಗೆ ಚಲಿಸುವುದಿಲ್ಲ, ಪಾತ್ರ ನೀರಿನೊಳಗೆ ತೇಲಿದಂತೆ ಕಾಣುತ್ತದೆ. ಎಲ್ಲಿ ತಡೆಯಬೇಕು, ಎಲ್ಲಿ ಬಿಟ್ಟುಕೊಡಬೇಕು ಎಂಬ ನಿರ್ಧಾರಕ್ಕೇ ನಮಗೆ ಸಂಬಳ. ಆದ್ದರಿಂದಲೇ ದೊಡ್ಡ ಚಲನಚಿತ್ರದಲ್ಲಿ ಒಬ್ಬ ಅನಿಮೇಟರ್ ವಾರಕ್ಕೆ ಮುಗಿಸುವುದು ಕೆಲವೇ ಸೆಕೆಂಡುಗಳನ್ನು. ಯಕ್ಷಗಾನ ನೋಡಿ ಬೆಳೆದವರಿಗೆ ಇದನ್ನು ಬೇರೆಯಾಗಿ ಕಲಿಸಬೇಕಿಲ್ಲ. ಹಾರುವ ಮುನ್ನ ವೇಷಧಾರಿ ಮಂಡಿ ತಗ್ಗಿಸುತ್ತಾನೆ, ಚೆಂಡೆಯ ಪೆಟ್ಟಿಗೆ ಸರಿಯಾಗಿ ಭಂಗಿಯಲ್ಲಿ ನಿಲ್ಲುತ್ತಾನೆ, ಕಿರೀಟದ ಕುಚ್ಚು ಮಾತ್ರ ಇನ್ನೂ ಓಲಾಡುತ್ತಿರುತ್ತದೆ. ಸ್ಟುಡಿಯೋದಲ್ಲಿ ಈ ಮೂರಕ್ಕೂ ಇಂಗ್ಲಿಷ್ ಹೆಸರುಗಳಿವೆ. ಬಯಲಾಟದ ಮುಂದೆ ಚಾಪೆ ಹಾಸಿ ಕುಳಿತ ಮಗುವಿಗೆ ಹೆಸರಿಲ್ಲದೆಯೇ ಅವು ಗೊತ್ತು.

ಸಾಫ್ಟ್‌ವೇರ್ ಬೇಡ ಎಂದಲ್ಲ. ಅದು ಬೇಕೇ ಬೇಕು, ಆದರೆ ಅದರ ಆಯುಷ್ಯ ಕಡಿಮೆ. ನಾನು ಕಲಿಯುವಾಗ ಎಲ್ಲ ಕೇಂದ್ರಗಳ ಬೋರ್ಡಿನಲ್ಲೂ ಫ್ಲ್ಯಾಶ್ ಎಂಬ ಅನಿಮೇಷನ್ ಸಾಫ್ಟ್‌ವೇರಿನ ಹೆಸರಿತ್ತು. ಅದರಲ್ಲಿ ಮಾಡಿದ್ದನ್ನು ತೋರಿಸುತ್ತಿದ್ದ ಫ್ಲ್ಯಾಶ್ ಪ್ಲೇಯರಿಗೆ 2020ರ ಡಿಸೆಂಬರ್ ಕೊನೆಗೆ ಅಡೋಬಿ ಕಂಪನಿಯೇ ತೆರೆ ಎಳೆಯಿತು. ಇನ್ನೊಂದೆಡೆ, ಬ್ಲೆಂಡರ್ ಎಂಬ ಅನಿಮೇಷನ್ ಸಾಫ್ಟ್‌ವೇರ್ ಪೂರ್ತಿ ಉಚಿತ. ಲಾಟ್ವಿಯಾ ಎಂಬ ಪುಟ್ಟ ದೇಶದ ಗಿಂಟ್ಸ್ ಜಿಲ್ಬಲೋಡಿಸ್ ಅದರಲ್ಲೇ ಮಾಡಿದ ‘ಫ್ಲೋ’ ಚಿತ್ರಕ್ಕೆ 2025ರಲ್ಲಿ ಆಸ್ಕರ್ ಬಂದಿತು. ಅದರಲ್ಲಿ ಒಂದೇ ಒಂದು ಮಾತಿಲ್ಲ. ಬೆಕ್ಕೊಂದು ನೀರಿಗೆ ಹೆದರುತ್ತದೆ, ಹೆದರಿಕೆಯೆಲ್ಲ ಅದರ ಬೆನ್ನಿನಲ್ಲಿ, ಕಿವಿಯಲ್ಲಿ ಕಾಣುತ್ತದೆ. ಉಚಿತವಾಗಿ ಸಿಗುವ ಉಪಕರಣಕ್ಕಾಗಿ ಮನೆಯ ಒಡವೆ ಅಡವಿಡಬೇಡಿ ಎಂದು ನಾನು ಕೈಮುಗಿದು ಹೇಳುತ್ತೇನೆ. ದುಡ್ಡು ಕೊಡುವುದಿದ್ದರೆ ಗುರುವಿಗೆ ಕೊಡಿ. ಮನುಷ್ಯರನ್ನು ಎದುರಿಗೆ ಕೂರಿಸಿ ಚಿತ್ರ ಬರೆಸುವ, ತಪ್ಪನ್ನು ಪಕ್ಕದಲ್ಲಿ ಕುಳಿತು ತಿದ್ದುವ ಜಾಗ ಅದಾಗಿರಲಿ.

‘ಕೆಲಸ ಸಿಗುತ್ತದೆಯೇ’ ಎಂಬ ಮಾತಿಗೆ ಬರುತ್ತೇನೆ. ಇದನ್ನು ಮುಚ್ಚಿಡುವುದು ಅನ್ಯಾಯ. ಬೆಂಗಳೂರಿನಲ್ಲಿ ನಾವು ಮಾಡುವ ಕೆಲಸದ ದೊಡ್ಡ ಪಾಲು ಹೊರದೇಶದ್ದು. ಕಥೆ ಅಲ್ಲಿ ಹುಟ್ಟುತ್ತದೆ, ಪಾತ್ರದ ಹಕ್ಕು ಅಲ್ಲಿಯೇ ಉಳಿಯುತ್ತದೆ, ಶಾಟುಗಳು ಇಲ್ಲಿಗೆ ಬರುತ್ತವೆ. ಸಾಮಾನ್ಯವಾಗಿ ಬೆಲೆ ಮೊದಲೇ ನಿಗದಿಯಾಗಿರುತ್ತದೆ, ತಿದ್ದುಪಡಿ ಹೆಚ್ಚಿದರೆ ನಷ್ಟ ಸ್ಟುಡಿಯೋದ್ದು. ‘ಲೈಫ್ ಆಫ್ ಪೈ’ ಚಿತ್ರದ ಹುಲಿ ಬಹುಪಾಲು ದೃಶ್ಯಗಳಲ್ಲಿ ಕಂಪ್ಯೂಟರಿನಲ್ಲಿ ಮೂಡಿದ್ದು. ಅದರ ಪ್ರತಿ ಹೆಜ್ಜೆಯಲ್ಲೂ ತೂಕವಿದೆ. ಅದನ್ನು ಮಾಡಿದ ರಿದಮ್ ಅಂಡ್ ಹ್ಯೂಸ್ ಸಂಸ್ಥೆ 2013ರ ಫೆಬ್ರುವರಿಯಲ್ಲಿ ದಿವಾಳಿ ಅರ್ಜಿ ಹಾಕಿತು, ಅದೇ ತಿಂಗಳು ಅದೇ ಚಿತ್ರಕ್ಕೆ ಆಸ್ಕರ್ ಪಡೆಯಿತು. 2025ರ ಫೆಬ್ರುವರಿಯಲ್ಲಿ ಚಿತ್ರಗಳಿಗೆ ಗ್ರಾಫಿಕ್ಸ್ ಮಾಡುತ್ತಿದ್ದ ಟೆಕ್ನಿಕಲರ್ ಸಮೂಹ ಕುಸಿದಾಗ ಪ್ಯಾರಿಸ್, ಲಂಡನ್ನಿನ ಜೊತೆಗೆ ಬೆಂಗಳೂರಿನ ಸ್ಟುಡಿಯೋಗಳೂ ನಿಂತವು. ಇಲ್ಲಿ ಸಾವಿರಾರು ಜನ ಒಮ್ಮೆಗೇ ಬೀದಿಗೆ ಬಿದ್ದರು. ಕೆಲಸದಲ್ಲಿ ಅವರು ಯಾರಿಗೂ ಕಡಿಮೆ ಇರಲಿಲ್ಲ. ಮಕ್ಕಳನ್ನು ಈ ವೃತ್ತಿಗೆ ಕಳುಹಿಸುವವರು ಇದನ್ನು ತಿಳಿದೇ ಕಳುಹಿಸಬೇಕು.

ಹಾಗೆಂದು ಎಲ್ಲವೂ ಕತ್ತಲೆಯೇ ಅಲ್ಲ. ಅನಿಮೇಷನ್, ಗೇಮಿಂಗ್ ಕ್ಷೇತ್ರಕ್ಕೆಂದೇ ಕರ್ನಾಟಕ 2012ರಲ್ಲಿ ಪ್ರತ್ಯೇಕ ನೀತಿ ತಂದಿತು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ನಮ್ಮದೇ ಪಾತ್ರಗಳು. ಹೈದರಾಬಾದಿನ ಗ್ರೀನ್ ಗೋಲ್ಡ್ ಸಂಸ್ಥೆ 2008ರಲ್ಲಿ ಛೋಟಾ ಭೀಮನನ್ನು ತಂದಿತು. ಪಾತ್ರ ಅವರದೇ ಆದ್ದರಿಂದ ಅವನು ಚಡ್ಡಿ, ಚೀಲ, ಪುಸ್ತಕಗಳ ಮೇಲೂ ದುಡಿದುಕೊಟ್ಟ. 2025ರ ಜುಲೈಯಲ್ಲಿ ಹೊಂಬಾಳೆ ಫಿಲ್ಮ್ಸ್ ಅರ್ಪಿಸಿದ ‘ಮಹಾವತಾರ್ ನರಸಿಂಹ’ ಅನಿಮೇಷನ್ ಚಿತ್ರ ನೋಡಲು ಹೋದಾಗ, ಅಜ್ಜಂದಿರು ಮೊಮ್ಮಕ್ಕಳ ಕೈಹಿಡಿದು ಥಿಯೇಟರಿಗೆ ಬಂದಿದ್ದನ್ನು ಕಂಡು ನನ್ನ ಕಣ್ಣು ತುಂಬಿತು. ಒಂದು ಕೊರಗನ್ನೂ ಹೇಳಿಬಿಡುತ್ತೇನೆ. ನಮ್ಮ ಗೋವಿನ ಹಾಡಿನ ಪುಣ್ಯಕೋಟಿ 2020ರಲ್ಲಿ ಪೂರ್ಣಾವಧಿಯ ಅನಿಮೇಷನ್ ಚಿತ್ರವಾದಳು, ಆದರೆ ಸಂಸ್ಕೃತದಲ್ಲಿ. ಆ ಚಿತ್ರ ಮಾಡಿದವರ ಸಾಹಸಕ್ಕೆ ನನ್ನ ನಮಸ್ಕಾರ. ಮೂಲ ಹಾಡಿನ ಭಾಷೆಯಲ್ಲೇ ಅಂಥದ್ದೊಂದನ್ನು ಕನ್ನಡದ ಮಕ್ಕಳ ಮುಂದಿಡಬೇಕೆಂಬ ಆಸೆ ನನ್ನನ್ನು ಬಿಟ್ಟಿಲ್ಲ.

ಎಐ ಬಗ್ಗೆಯೂ ಕೇಳುತ್ತಾರೆ. ನನಗೆ ನಿಜವಾದ ಚಿಂತೆ ಇರುವುದು ಹೊಸಬರ ವಿಷಯದಲ್ಲಿ. ಫ್ರೇಮು ಫ್ರೇಮಿಗೂ ಪಾತ್ರದ ಅಂಚು ಹಿಡಿದು ಹಿನ್ನೆಲೆಯಿಂದ ಕತ್ತರಿಸುವಂಥ ಕೆಲಸಗಳಿಂದಲೇ ಅನೇಕರು ಒಳಗೆ ಬರುತ್ತಿದ್ದರು, ಯಂತ್ರ ಮೊದಲು ಕೈಹಾಕುತ್ತಿರುವುದು ಅಲ್ಲಿಗೇ. ಒಳಬರುವ ಬಾಗಿಲು ಕಿರಿದಾದಷ್ಟೂ, ಮೊದಲ ದಿನವೇ ತೋರಿಸಲು ಕೈಯಲ್ಲಿ ಏನಿದೆ ಎಂಬುದು ಮುಖ್ಯವಾಗುತ್ತದೆ. ಶೋರೀಲ್, ಅಂದರೆ ಕೆಲಸ ಕೇಳುವಾಗ ತೋರಿಸುವ ವಿಡಿಯೋ, ಒಂದು ನಿಮಿಷ ಮೀರದಿರಲಿ, ಅತ್ಯುತ್ತಮವಾದದ್ದು ಮೊದಲೇ ಬರಲಿ. ಚೆಂಡು ಪುಟಿಯುವುದು, ಮನುಷ್ಯ ಚೀಲ ಎತ್ತುವುದು, ಒಬ್ಬರು ಮನಸ್ಸು ಬದಲಿಸುವುದು: ಇಷ್ಟು ಚೆನ್ನಾಗಿದ್ದರೆ ನಾನು ಪ್ರಮಾಣಪತ್ರ ಕೇಳುವುದಿಲ್ಲ.

ಶಿವಮೊಗ್ಗದ ಆ ಹುಡುಗಿಯ ಮನೆಯಲ್ಲಿ ತಾತ ಇದ್ದರು. ದಿನವೂ ಸಂಜೆ ಅವರು ಈಸಿಚೇರಿನಿಂದ ಏಳುವುದನ್ನು ನೋಡಿ ಚಿತ್ರ ಬರೆಯಲು ಹೇಳಿದ್ದೆ, ನೋಟುಬುಕ್ಕು, ಪೆನ್ಸಿಲ್ ಸಾಕು ಎಂದಿದ್ದೆ. ಹನ್ನೆರಡು ದಿನಗಳ ನಂತರ 16 ಚಿತ್ರಗಳ ಫೋಟೋ ಬಂದವು. ಮೊದಲಿನ ಕೆಲವು ಗೋಡೆಗೆ ಒರಗಿಸಿದ ಹಲಗೆಯಂತಿದ್ದವು. ಒಂಬತ್ತನೆಯದರಲ್ಲಿ ತಾತನ ಎರಡು ಕೈಗಳೂ ಕುರ್ಚಿಯ ಹಿಡಿಯ ಮೇಲಿದ್ದವು, ಭುಜ ಕಿವಿಯವರೆಗೆ ಏರಿತ್ತು, ಸೊಂಟ ಇನ್ನೂ ಬಟ್ಟೆಯ ಮೇಲೆಯೇ ಇತ್ತು. ಆ ಬಟ್ಟೆ ಎಷ್ಟು ಜಗ್ಗಿದೆ ಎಂಬುದನ್ನೂ ಆಕೆ ಬರೆದಿದ್ದಳು. ಆ ರಾತ್ರಿಯೇ ಅವಳ ತಂದೆಗೆ ಫೋನ್ ಮಾಡಿ, ಬ್ಲೆಂಡರ್ ಇಳಿಸಿಕೊಳ್ಳುವುದು ಹೇಗೆಂದು ಹೇಳಿದೆ.