ಟೀಟೀ ಎಂದರೆ ಟ್ರಾಮು

ಮುಂಬಯಿಯ ಮಾಟುಂಗದಲ್ಲಿ ಮಹೇಶ್ವರಿ ಉದ್ಯಾನದ ಹತ್ತಿರ ಕೆಂಪು ಬಸ್ಸು ಹತ್ತಿದ್ದೇ ತಡ, ಕಂಡಕ್ಟರ್ "ಟೀಟೀ, ಟೀಟೀ" ಎಂದು ಕೂಗಿದ. ನಾನು ಗಾಬರಿಯಲ್ಲಿ ಕಿಸೆಗೆ ಕೈ ಹಾಕಿ ಹಿಂದಿನ ದಿನದ ರೈಲು ಟಿಕೆಟ್ ತಡಕಾಡಿದೆ. ಕುಂದಾಪುರದಿಂದ ರೈಲಿನಲ್ಲಿ ಬಂದವನಿಗೆ ಟೀಟಿ ಎಂದರೆ ಕರಿ ಕೋಟಿನವರು ತಾನೆ? ಪಕ್ಕದಲ್ಲಿದ್ದ ಸೋದರಮಾವ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಕಾಣ್ ಮಾಣಿ, ಟೀಟೀ ಅಂದ್ರೆ ದಾದರ್ ಟೀಟೀ. ಟ್ರಾಮ್ ಟರ್ಮಿನಸ್. ಟ್ರಾಮ್ ಹೋಯಿ ಅರವತ್ತ್ ವರ್ಷ ಆಯ್ತ್, ಹೆಸ್ರ್ ಮಾತ್ರ ಹೋಯ್ಲಿಲ್ಲ."

ಕಾಗದದ ಮೇಲೆ ಆ ಜಾಗಕ್ಕೆ ಖೋದಾದಾದ್ ಸರ್ಕಲ್ ಎಂಬ ಹೆಸರಿದೆ. ಬಸ್ಸಿನೊಳಗೆ ಯಾರೂ ಹಾಗೆ ಹೇಳಿದ್ದು ನಾನು ಕೇಳಲಿಲ್ಲ.

ಮಾಟುಂಗದಲ್ಲಿ ನೆಂಟರ ಮದುವೆ ಮುಗಿದಿತ್ತು, ಕೈಯಲ್ಲಿ ಎರಡು ದಿನ ಉಳಿದಿತ್ತು. ಗೇಟ್‌ವೇ, ಚೌಪಾಟಿ ಎಂದೆ. ಮಾವ ಅದನ್ನೆಲ್ಲ ಬದಿಗೆ ಸರಿಸಿ, "ಬೆಸ್ಟ್ ಬಸ್ಸಿನ ಮೊದಲ್ನೇ ದಾರಿ ತೋರ್ಸ್ತೆ, ಬಾ" ಅಂದರು. ಬೆಸ್ಟ್ ಎಂದರೆ ಇಲ್ಲಿನ ಕೆಂಪು ಬಸ್ಸು ಓಡಿಸುವ ಸಂಸ್ಥೆ. ಹದಿಮೂರರ ಹುಡುಗನಾಗಿ 1962ರಲ್ಲಿ ಅವರು ಈ ಊರಿಗೆ ಬಂದದ್ದು ದಾದರಿನ ಒಂದು ಉಡುಪಿ ಹೋಟೆಲಿಗೆ, ಲೋಟ ತೊಳೆಯುವ ಮಾಣಿಯಾಗಿ. ಮರಾಠಿಯಲ್ಲಿ ಅವರು ಮೊದಲು ಕಲಿತದ್ದು ಅಂಕಿಗಳನ್ನಂತೆ. ಇಲ್ಲಿನ ಬಸ್ಸುಗಳ ಹಣೆಯ ಮೇಲೆ ನಂಬರು ದೇವನಾಗರಿಯಲ್ಲಿರುತ್ತದೆ. ಅದನ್ನು ಓದಲು ಬಾರದಿದ್ದರೆ ದೂರದಿಂದ ಬರುವ ಬಸ್ಸು ಯಾವುದೆಂದು ಗೊತ್ತಾಗುವುದಿಲ್ಲ, ಗೊತ್ತಾಗುವಷ್ಟರಲ್ಲಿ ಅದು ದಾಟಿರುತ್ತದೆ. ಅಕ್ಷರಗಳು ಆಮೇಲೆ ರಾತ್ರಿ ಶಾಲೆಯಲ್ಲಿ ಬಂದವು.

ಬಸ್ಸು ಬದಲಿಸಿ ಕೊಲಾಬಾದ ಅಫ್ಘಾನ್ ಚರ್ಚಿನ ಹತ್ತಿರ ಇಳಿದೆವು. ಮೊದಲನೆಯ ಆಫ್ಘನ್ ಯುದ್ಧದಲ್ಲಿ ಸತ್ತ ಸೈನಿಕರ ನೆನಪಿಗೆ ಬ್ರಿಟಿಷರು ಕಟ್ಟಿಸಿದ ಚರ್ಚು, ಚೂಪು ಗೋಪುರ, ಸುತ್ತ ಮರದ ನೆರಳು. ಮಾವನಿಗೆ ಚರ್ಚಿನ ಕಡೆ ಲಕ್ಷ್ಯವಿಲ್ಲ. ರಸ್ತೆಗೆ ಬೆರಳು ತೋರಿಸಿ, "ಇಲ್ಲಿಂದ್ಲೇ" ಅಂದರು. 1926ರ ಜುಲೈ 15ರಂದು ಮುಂಬಯಿಯ ಮೊದಲ ಬಸ್ಸು ಹೊರಟದ್ದು ಇಲ್ಲಿಂದ, ಕ್ರಾಫರ್ಡ್ ಮಾರ್ಕೆಟ್ಟಿಗೆ. ನಡು ಮಳೆಗಾಲದಲ್ಲಿ ಹೊಸ ಬಸ್ಸು ಶುರುಮಾಡುವ ಧೈರ್ಯಕ್ಕೆ ಏನೆನ್ನಬೇಕೋ ಗೊತ್ತಾಗಲಿಲ್ಲ.

ಅದೇ ದಾರಿ ಹಿಡಿದೆವು. ಕೊಲಾಬಾ ಕಾಸ್‌ವೇಯಲ್ಲಿ ಬಸ್ಸು ತೆವಳುತ್ತಿದ್ದಾಗ ಮಾವ ಬೆಸ್ಟಿನ ಕಟ್ಟಡ ಇಲೆಕ್ಟ್ರಿಕ್ ಹೌಸ್ ತೋರಿಸಿದರು. ಬಸ್ಸಿನ ಕಂಪನಿಗೆ ಇಲೆಕ್ಟ್ರಿಕ್ ಹೌಸ್ ಏಕೆ ಎಂದು ನಾನು ಕೇಳಬೇಕೆಂದೇ ಕಾದಿದ್ದರು. ನಮ್ಮ ಕಡೆಯವರಿಗೆ ತಿಳಿಯುವಂತೆ ಹೇಳಬೇಕೆಂದರೆ, ಮೆಸ್ಕಾಂ ಮತ್ತು ಕೆಎಸ್ಸಾರ್ಟಿಸಿ ಒಂದೇ ಸೂರಿನಡಿ ಇದ್ದಂತೆ ಇದು. ದಕ್ಷಿಣ ಮುಂಬಯಿಯಿಂದ ಸಾಯನ್, ಮಾಹಿಮ್‌ವರೆಗೆ ಮನೆಮನೆಗೆ ಕರೆಂಟು ಕೊಡುವುದೂ ಬೆಸ್ಟ್, ಬಸ್ಸು ಓಡಿಸುವುದೂ ಬೆಸ್ಟ್. ಕೂಡಿಕೆಗೆ ಕಾರಣ ಟ್ರಾಮು. ಕುದುರೆ ಬಿಚ್ಚಿ ಟ್ರಾಮಿಗೆ ವಿದ್ಯುತ್ ಹಾಕುವ ಆಲೋಚನೆಯಲ್ಲಿ 1905ರಲ್ಲಿ ಲಂಡನ್ನಿನಲ್ಲಿ ನೋಂದಣಿಯಾದ ಕಂಪನಿಯ ಹೆಸರು ಬಾಂಬೆ ಇಲೆಕ್ಟ್ರಿಕ್ ಸಪ್ಲೈ ಅಂಡ್ ಟ್ರಾಮ್‌ವೇಸ್. ವಿದ್ಯುತ್ ಟ್ರಾಮು ಓಡಿದ್ದು 1907ರ ಮೇ 7ರಂದು. ಟ್ರಾಮಿಗೂ ಮನೆಗೂ ಕರೆಂಟು ಒಂದೇ ಕೈಯಿಂದ. ಮುಂದೆ ಎಷ್ಟೋ ವರ್ಷ ಬಸ್ಸಿನ ನಷ್ಟವನ್ನು ಕರೆಂಟಿನ ಲಾಭ ತುಂಬಿಕೊಟ್ಟಿತು. "ಹೋಟೆಲಂಗೆ ದೋಸೆ ನಷ್ಟ ಆರೆ ಕಾಫಿ ಲಾಭ ಮಾಡ್ಕಣ್ತಿಲ್ಯಾ, ಹಾಂಗೆ" ಎಂಬುದು ಮಾವನ ಅರ್ಥಶಾಸ್ತ್ರ. ಈಗ ಆ ಕಾಫಿಯೂ ಸಾಲುವುದಿಲ್ಲ. ಒಂದು ಕಾಲಕ್ಕೆ 4,000ಕ್ಕೂ ಮೇಲಿದ್ದ ಬಸ್ಸುಗಳು 3,000ಕ್ಕೂ ಕೆಳಗೆ ಇಳಿದಿವೆ, ಅದರಲ್ಲೂ ಬಹುಪಾಲು ಗುತ್ತಿಗೆಯವು.

ನನಗೆ ಮೋಜೆನಿಸಿದ್ದು ಹೆಸರು. 1947ರ ಆಗಸ್ಟ್ 7ರಂದು, ಸ್ವಾತಂತ್ರ್ಯಕ್ಕೆ ಎಂಟು ದಿನ ಇರುವಾಗ, ಕಂಪನಿ ನಗರಪಾಲಿಕೆಯ ಕೈಗೆ ಬಂತು, ಟ್ರಾಮ್‌ವೇಸ್ ಹೋಗಿ ಟ್ರಾನ್ಸ್‌ಪೋರ್ಟ್ ಆಯಿತು. 1995ರಲ್ಲಿ ಬಾಂಬೆ ಹೋಗಿ ಬೃಹನ್ಮುಂಬಯಿ ಆಯಿತು. ಮೊದಲ ಪದವೂ ಕೊನೆಯ ಪದವೂ ಬದಲಾದರೂ ಬೆಸ್ಟ್ ಬೆಸ್ಟೇ. ಬಸ್ಸಿನ ಮೈಮೇಲೆ ಬೇರೆ ಅಕ್ಷರ ಬರೆಯುವ ಖರ್ಚು ಉಳಿಯಿತಲ್ಲ, ಲೆಕ್ಕ ಬಲ್ಲವರೇ ಮಾಡಿರಬೇಕು.

ಕ್ರಾಫರ್ಡ್ ಮಾರ್ಕೆಟ್ಟಿನಲ್ಲಿ ಇಳಿದು ಪಾಯ್‌ಧುನಿಯವರೆಗೆ ನಡೆದೆವು. ಪಾಯ್‌ಧುನಿ ಎಂದರೆ ಕಾಲು ತೊಳೆಯುವ ಜಾಗ. ಮುಂಬಯಿ ಬಿಡಿಬಿಡಿ ದ್ವೀಪಗಳಾಗಿದ್ದಾಗ ಕೆಸರು ದಾಟಿ ಬಂದವರು ಇಲ್ಲಿ ಕಾಲು ತೊಳೆಯುತ್ತಿದ್ದರಂತೆ. ಈಗ ಕೈಗಾಡಿ, ಸ್ಕೂಟರು, ತಲೆಹೊರೆಯವರ ನಡುವೆ ಕಾಲಿಡುವುದೇ ಕಷ್ಟ. 1874ರ ಮೇ 9ರಂದು ಕುದುರೆ ಟ್ರಾಮು ಬಂದು ನಿಂತದ್ದು ಇಲ್ಲಿಗೆ, ಒಂದು ಕೊಲಾಬಾದಿಂದ, ಇನ್ನೊಂದು ಬೋರಿ ಬಂದರಿನಿಂದ. ಕಂಪನಿಯ ಲಾಯದಲ್ಲಿ 900 ಕುದುರೆಗಳಿದ್ದವಂತೆ, ಬಿಸಿಲಿಗೆ ಅವುಗಳ ತಲೆಗೆ ಟೋಪಿ ಬೇರೆ. ಕೊಲಾಬಾದಿಂದ ಪಾಯ್‌ಧುನಿಗೆ ಮೂರಾಣೆ. ಟಿಕೆಟ್ ಎಂಬುದೇ ಇರಲಿಲ್ಲ. ಜನ ಹೆಚ್ಚಾದಂತೆ ಅದೇ ವರ್ಷ ಎರಡಾಣೆಗೆ ಇಳಿಸಿದರು. ಅಷ್ಟಕ್ಕೂ ಕಾಸು ಕೊಡದೆ ಹತ್ತುವವರ ಕಾಟ ತಪ್ಪಲಿಲ್ಲ, ಅದಕ್ಕೆಂದು ಟಿಕೆಟ್ ಶುರುಮಾಡಿದರು.  2019ರಲ್ಲೂ ಬೆಸ್ಟ್ ಕನಿಷ್ಠ ದರವನ್ನು 5 ರೂಪಾಯಿಗೆ ಇಳಿಸಿ ಜನರನ್ನು ಮತ್ತೆ ಬಸ್ಸಿಗೆ ಕರೆದಿತ್ತು. 2025ರ ಮೇ ತಿಂಗಳಲ್ಲಿ ಅದು 10 ಆಯಿತು, ಎಸಿಗೆ 12.

ಆ 12 ಕೊಟ್ಟು, ಬೋರಿ ಬಂದರಿನ ರೈಲು ನಿಲ್ದಾಣವಾದ ಸಿಎಸ್‌ಎಂಟಿಯಿಂದ ಹೊಸ ಡಬಲ್ ಡೆಕರ್ ಹತ್ತಿದೆವು, ಎ-115. ವಿದ್ಯುತ್ ಬಸ್ಸು, 2023ರಲ್ಲಿ ಬಂದದ್ದು. ಅದೇ ವರ್ಷ ಸೆಪ್ಟೆಂಬರ್ 15ಕ್ಕೆ ಹಳೆಯ ಡೀಸೆಲ್ ಡಬಲ್ ಡೆಕರ್ ಕೊನೆಯ ಓಟ ಓಡಿತು, 1937ರಿಂದ ಊರಲ್ಲಿದ್ದ ಸಾಲಿಗೆ ಅಲ್ಲಿಗೆ ತೆರೆ. ಮೇಲೆ ಮುಂದಿನ ಸೀಟು ಸಿಕ್ಕಿತು. ನನಗೆ ಹಬ್ಬ. ಮರದ ಕೊಂಬೆ ಗಾಜಿಗೆ ಸವರಿದಾಗಲೆಲ್ಲ ತಲೆ ತಗ್ಗಿಸಿದೆ. ಮಾವನಿಗೆ ಸಮಾಧಾನವಿಲ್ಲ. ಹಳೆಯದರಲ್ಲಿ ಮುಂದಿನ ಕಿಟಕಿ ತೆರೆದಿರುತ್ತಿತ್ತು, ಸಮುದ್ರದ ಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಕಂಡಕ್ಟರ್ ಹಗ್ಗ ಎಳೆದರೆ ಗಂಟೆ, ಒಂದಕ್ಕೆ ನಿಲ್ಲು, ಎರಡಕ್ಕೆ ಹೊರಡು. "ಇದ್ ಫ್ರಿಜ್ಜಂಗೆ ಕೂಕಂಡಾಂಗೆ ಆತ್ತ್" ಎಂದು ಮುಂಡಾಸಿನಂತೆ ಶಾಲು ಸುತ್ತಿಕೊಂಡರು.

ಮರುದಿನ ಆಣಿಕ್ ಡಿಪೋದ ಬೆಸ್ಟ್ ಮ್ಯೂಸಿಯಂ. ಹಳೆಯ ಟ್ರಾಮು ಬಸ್ಸುಗಳ ಪುಟ್ಟ ಮಾದರಿಗಳು, ಟಿಕೆಟ್‌ಗಳು. ಒಂದು ಗಂಟೆ ಸಾಕು ಅಂದುಕೊಂಡಿದ್ದೆ. ಮಾವ ಟಿಕೆಟ್ ತೂತು ಮಾಡುವ ಪಂಚಿನ ಎದುರೇ ನಿಂತುಬಿಟ್ಟರು. ಗದ್ದಲದಲ್ಲಿ ಕಂಡಕ್ಟರ್ ಬಾಯಿ ತೆರೆಯುತ್ತಿರಲಿಲ್ಲ, ಅದನ್ನು ಟಿಕ್ ಟಿಕ್ ಅನ್ನಿಸುತ್ತ ಬಂದರೆ ಜನ ತಾವೇ ಚಿಲ್ಲರೆ ಚಾಚುತ್ತಿದ್ದರು. ಹೋಟೆಲಿಗೆ ಚಹಾಕ್ಕೆ ಬಂದಾಗಲೂ ಕೆಲವು ಕಂಡಕ್ಟರುಗಳು ಮಾಣಿಯನ್ನು ಕರೆಯುತ್ತಿದ್ದದ್ದು ಅದೇ ಟಿಕ್ ಟಿಕ್‌ನಿಂದ. ಅವರ ಮುಷ್ಕರದ ಮಾತುಗಳನ್ನೂ ಮಾವ ಅಲ್ಲೇ ಕೇಳಿದ್ದು. ಮಂಗಳೂರಿಂದ ಬಂದ ಜಾರ್ಜ್ ಫರ್ನಾಂಡಿಸ್, ಆಮೇಲೆ ಬೆಸ್ಟ್ ವರ್ಕರ್ಸ್ ಯೂನಿಯನ್ನಿನ ಶರದ್ ರಾವ್. ಊರ ಕಡೆಯವರ ಹೆಸರು ಕೇಳಿದ ದಿನ ಚಹಾಕ್ಕೆ ಹಾಲು ಒಂದು ಚಮಚ ಹೆಚ್ಚು ಬೀಳುತ್ತಿತ್ತಂತೆ.

ಸಂಜೆ ದಾದರ್ ಟೀಟೀಯಲ್ಲಿ ಇಳಿದೆವು. ಮುಂಬಯಿಯ ಕೊನೆಯ ಟ್ರಾಮು 1964ರ ಮಾರ್ಚ್ 31ರ ರಾತ್ರಿ ಬೋರಿ ಬಂದರಿನಿಂದ ಹೊರಟು ಬಂದು ಸೇರಿದ್ದು ಇಲ್ಲಿಗೆ.

"ನೀವು ನೋಡಿದ್ರಾ ಮಾವ?"

"ಎಲ್ಲಿಂದ! ಕೈ ತುಂಬ ಲೋಟ ಇತ್ತ್. ಧಣಿ ಬಿಡ್ಲಿಲ್ಲ. ಗದ್ಲ ಕೇಂಡ್ಕಂಡ್ ಒದ್ದಿ ಕೈಯಂಗೇ ಹೊರ್ಗ್ ಓಡ್ದೆ. ಜನ್ರ ಬೆನ್ನ್ ಕಂಡ್ತ್, ಟ್ರಾಮ್ ಕಾಂಬುಕ್ ಸಿಕ್ಲಿಲ್ಲ. ಗಂಟೆ ಮಾತ್ರ ಕೇಂತ್."

ಹೋಟೆಲಿದ್ದ ಜಾಗದಲ್ಲಿ ಈಗ ಮೊಬೈಲ್ ಅಂಗಡಿ. ಮಾವ ಮೆಟ್ಟಿಲ ಮೇಲೆ ಹತ್ತಿ ನಿಂತು, ಅಂದು ನಿಂತ ಜಾಗ ಇದೇ ಹೌದೋ ಎಂದು ಎಡಬಲ ಸರಿದು ನೋಡಿದರು. ಅಂಗಡಿಯ ಹುಡುಗ, ಏನು ಬೇಕಿತ್ತು ಎಂದು ಮರಾಠಿಯಲ್ಲಿ ಕೇಳಿದ. ರಸ್ತೆಯಲ್ಲಿ ಇನ್ನೊಂದು ಕೆಂಪು ಬಸ್ಸು ಬಂದು ನಿಂತಿತು. "ಟೀಟೀ, ಟೀಟೀ" ಎಂದು ಒಳಗಿಂದ ಕೂಗು, ನಾಲ್ಕು ಜನ ಇಳಿದರು.