ಎರಡೇ ದಿನದಲ್ಲಿ ತುರಿಕೆ ನಿಲ್ಲಿಸುವ ಟ್ಯೂಬು

ಮಳೆಗಾಲದಲ್ಲಿ ಮಾಟುಂಗದ ನನ್ನ ಕ್ಲಿನಿಕ್ಕಿಗೆ ಬರುವವರಲ್ಲಿ ಹೆಚ್ಚಿನವರಿಗೆ ಗಜಕರ್ಣ, ಅಂದರೆ ಶಿಲೀಂಧ್ರದಿಂದ ಉಂಗುರದಂತೆ ಹಬ್ಬುವ ಚರ್ಮರೋಗ. ತೊಡೆಸಂದು, ಸೊಂಟ, ಕಂಕುಳು. ಲೋಕಲ್ ಟ್ರೈನಿನ ನೂಕುನುಗ್ಗಲಿನಲ್ಲಿ ಒದ್ದೆಯಾದ ಬಟ್ಟೆಯಲ್ಲೇ ರಾತ್ರಿವರೆಗೆ ದುಡಿಯುವ ಊರು ಮುಂಬೈ. ಶಿಲೀಂಧ್ರಕ್ಕೆ ಇನ್ನೇನು ಬೇಕು? ಆದರೆ ನನಗೆ ಸಂಕಟ ತರುವುದು, ಅವರು ಜೇಬಿನಿಂದ ತೆಗೆಯುವ ಟ್ಯೂಬು.

"ಮೆಡಿಕಲ್‌ನವರು ಕೊಟ್ಟದ್ದು ಡಾಕ್ಟ್ರೇ. ಹಚ್ಚಿದ್ರೆ ಎರಡೇ ದಿನದಲ್ಲಿ ತುರಿಕೆ ನಿಲ್ತದೆ. ಬಿಟ್ರೆ ಮತ್ತೆ ಬರ್ತದೆ."

ಇಂಥ ಎಷ್ಟೋ ಟ್ಯೂಬುಗಳಲ್ಲಿ ಶಿಲೀಂಧ್ರದ ಔಷಧಿಯ ಜೊತೆಗೆ ಕ್ಲೋಬೆಟಸಾಲ್ ಇರುತ್ತದೆ. ಚರ್ಮಕ್ಕೆ ಹಚ್ಚುವ ಸ್ಟೀರಾಯ್ಡುಗಳಲ್ಲಿ ಅತಿ ಪ್ರಬಲವಾದವುಗಳಲ್ಲಿ ಅದೊಂದು. ಕೆಂಪಾಗುವುದು, ತುರಿಸುವುದು ಶಿಲೀಂಧ್ರದ ಮೇಲೆ ನಮ್ಮ ದೇಹ ತಿರುಗಿಬಿದ್ದಿದೆ ಎಂಬುದರ ಗುರುತು. ಸ್ಟೀರಾಯ್ಡು ಆ ಪ್ರತಿರೋಧವನ್ನೇ ಅಡಗಿಸುತ್ತದೆ. ತುರಿಕೆ ನಿಂತಿತೆಂದು ನಾವು ನೆಮ್ಮದಿಯಾಗಿರುವಾಗ ಶಿಲೀಂಧ್ರ ಸದ್ದಿಲ್ಲದೆ ಹರಡುತ್ತದೆ. ಉಂಗುರದ ಅಂಚೂ ಮಾಸಿಹೋಗಿ, ನೋಡಿದ ವೈದ್ಯರಿಗೇ ಗುರುತು ಸಿಗುವುದಿಲ್ಲ. ತಿಂಗಳುಗಟ್ಟಲೆ ಹಚ್ಚಿದವರ ತೊಡೆಯ ಚರ್ಮ ತೆಳ್ಳಗಾಗಿ, ಬಸುರಿಯರ ಹೊಟ್ಟೆಯ ಮೇಲಿನಂಥ ಗೆರೆಗಳು ಬೀಳುತ್ತವೆ. ಆ ಗೆರೆಗಳು ಪೂರ್ತಿ ಹೋಗುವುದಿಲ್ಲ. ಇಪ್ಪತ್ತರ ಹುಡುಗರಿಗೆ ಇದನ್ನು ಹೇಳುವುದು ನನಗೆ ತುಂಬ ಕಷ್ಟ. 2018ರಲ್ಲೇ ಕೇಂದ್ರ ಸರ್ಕಾರ ಹಲವು ಸ್ಟೀರಾಯ್ಡು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಆದೇಶಿಸಿದೆ. ಆದರೂ ಸಿಗುತ್ತಿವೆ.

ಶಿಲೀಂಧ್ರವೂ ಬದಲಾಗಿದೆ. 2020ರಲ್ಲಿ ಟ್ರೈಕೊಫೈಟಾನ್ ಇಂಡೊಟಿನಿಯೆ ಎಂದು ಹೆಸರು ಪಡೆದ ಜಾತಿಯ ಎಷ್ಟೋ ತಳಿಗಳು ಗಜಕರ್ಣಕ್ಕೆ ಸಾಮಾನ್ಯವಾಗಿ ಕೊಡುವ ಟರ್ಬಿನಾಫಿನ್ ಔಷಧಿಗೆ ಬಗ್ಗುವುದಿಲ್ಲ. ಅಂಥ ಸೋಂಕು ತಗುಲಿದವರಿಗೆ ಇಟ್ರಾಕೊನಜೋಲ್ ಎಂಬ ಇನ್ನೊಂದು ಶಿಲೀಂಧ್ರನಾಶಕ ಮಾತ್ರೆ ವಾರಗಟ್ಟಲೆ ಬೇಕಾಗುತ್ತದೆ.

ನಾನು ಎಂಬಿಬಿಎಸ್ ಓದಿದ್ದು ಹುಬ್ಬಳ್ಳಿಯಲ್ಲಿ, ಎಂಡಿ ಮಾಡಿದ್ದು ಇಲ್ಲಿಯ ಸಾಯನ್ ಆಸ್ಪತ್ರೆಯಲ್ಲಿ. ನಮ್ಮ ಪದವಿಯಲ್ಲಿ ಚರ್ಮರೋಗ, ಗುಹ್ಯರೋಗ, ಕುಷ್ಠ ಮೂರೂ ಸೇರಿವೆ. ಅಲ್ಲಿ ಕಲಿತ ಒಂದು ಅಭ್ಯಾಸ ಇವತ್ತಿಗೂ ಬಿಟ್ಟಿಲ್ಲ: ಮಾಸಲು ಕಲೆ ಕಂಡರೆ ಹತ್ತಿಯ ಎಳೆ ತಾಗಿಸಿ ನೋಡುವುದು. ಸ್ಪರ್ಶ ತಿಳಿಯದಿದ್ದರೆ ಅದು ಸಿಬ್ಬೂ ಅಲ್ಲ, ಗಜಕರ್ಣವೂ ಅಲ್ಲ, ಕುಷ್ಠವಿರಬಹುದು. ಅದಕ್ಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧಿ ಉಚಿತ, ಪೂರ್ತಿ ಗುಣವಾಗುತ್ತದೆ. ಗಜಕರ್ಣವೋ ಅಲ್ಲವೋ ಎಂಬ ಅನುಮಾನವಿದ್ದಲ್ಲಿ ಕಲೆಯ ಮೇಲಿನ ಹೊಟ್ಟು ಕೆರೆದು ಮೈಕ್ರೋಸ್ಕೋಪಿನಲ್ಲಿ ನೋಡುತ್ತೇನೆ.

ನಮ್ಮ ಕಡೆಯ ಹೋಟೆಲುಗಳಲ್ಲಿ ಪಾತ್ರೆ ತೊಳೆಯುವ ಹುಡುಗರದ್ದು ಬೇರೆಯೇ ಗೋಳು. ಬೆರಳ ಸಂದಿ ಬೆಳ್ಳಗೆ ಕೊಳೆತಂತಾಗಿರುತ್ತದೆ. ಮುಲಾಮಿಗಿಂತ ಮೊದಲು ಅವರಿಗೆ ಬೇಕಾದದ್ದು ಕೈಗವಸು. ಹೋಟೆಲ್ ನಡೆಸುವ ಅಣ್ಣಂದಿರೇ, ದಯವಿಟ್ಟು ಕೊಡಿಸಿ.

ಗಜಕರ್ಣಕ್ಕೆ ವೈದ್ಯರು ಬರೆದುಕೊಟ್ಟ ಮುಲಾಮು ಹಚ್ಚುವಾಗ ಕಲೆಯ ಅಂಚಿನಿಂದ ಎರಡು ಸೆಂಟಿಮೀಟರ್ ಆಚೆಗೂ ಹಚ್ಚಿ. ಕಲೆ ಮಾಯವಾದ ಮೇಲೂ ಎರಡು ವಾರ ಹಚ್ಚುವುದನ್ನು ಬಿಡಬೇಡಿ. ಟವೆಲ್, ಒಳಉಡುಪು ಯಾರದ್ದು ಅವರಿಗೇ ಇರಲಿ. ಒಂದೇ ಕೋಣೆಯಲ್ಲಿ ಮಲಗುವ ಆರು ಜನರಲ್ಲಿ ಒಬ್ಬನಿಗಷ್ಟೇ ಔಷಧಿ ಕೊಟ್ಟರೆ ಇನ್ನೊಬ್ಬನಿಂದ ಮತ್ತೆ ಅಂಟುತ್ತದೆ. ತುರಿಕೆ ಇರುವವರೆಲ್ಲ ಒಟ್ಟಿಗೇ ಬನ್ನಿ, ಹಚ್ಚಿದ ಟ್ಯೂಬುಗಳನ್ನೂ ತನ್ನಿ. ಬೈಯುವುದಿಲ್ಲ.